ಕೆಲ್ವಿನ್ ಮನೆಯ ಕರೆಂಟು

ಥರ್ಮೋಡೈನಮಿಕ್ಸ್ ಪೇಪರ್ ಬರೆದವರು ಯಾರೂ ಕೆಲ್ವಿನ್ ಹೆಸರು ಕೇಳಿಲ್ಲ ಅನ್ನೋ ಹಾಗಿಲ್ಲ. ಸೆಲ್ಸಿಯಸ್‌ಗೆ 273 ಕೂಡಿಸೋದನ್ನ ಮರೆತು ಮಾರ್ಕ್ಸ್ ಕಳ್ಕೊಂಡವರಿಗಂತೂ ಚೆನ್ನಾಗಿಯೇ ನೆನಪಿರುತ್ತೆ. ಆದರೆ ಇವತ್ತು ಯುರೋಪಿನ ಚಳಿ ದೇಶಗಳಲ್ಲಿ ವಿದ್ಯುತ್ ಕಂಪನಿಗಳ ತಲೆ ತಿನ್ನುತ್ತಿರುವ ಹೀಟ್ ಪಂಪ್‌ಗೂ ಈ ಮನುಷ್ಯನಿಗೂ ಇರುವ ಸಂಬಂಧ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ.

ಅವರ ಮೂಲ ಹೆಸರು ವಿಲಿಯಂ ಥಾಮ್ಸನ್. ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಆರು ವರ್ಷಕ್ಕೇ ತಾಯಿ ತೀರಿಕೊಂಡರು. ತಂದೆ ಗಣಿತದ ಮೇಷ್ಟ್ರು, ಪಠ್ಯಪುಸ್ತಕಗಳನ್ನು ಬರೆದವರು. ಅವರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ 1832ರಲ್ಲಿ ಮನೆಮಂದಿಯೆಲ್ಲ ಸ್ಕಾಟ್ಲೆಂಡಿಗೆ ಬಂದರು. ಹುಡುಗ ಹತ್ತನೇ ವಯಸ್ಸಿಗೇ ಆ ವಿಶ್ವವಿದ್ಯಾಲಯಕ್ಕೆ ಸೇರಿಬಿಟ್ಟ. ಆಮೇಲೆ ಕೇಂಬ್ರಿಡ್ಜ್. 1845ರ ಗಣಿತದ ಪರೀಕ್ಷೆಯಲ್ಲಿ ಎರಡನೇ ರ‍್ಯಾಂಕ್. ಮೊದಲನೇ ರ‍್ಯಾಂಕ್ ಬಂದವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು ಅನ್ನೋದು ಬೇರೆ ಮಾತು.

ಕೇಂಬ್ರಿಡ್ಜ್ ಮುಗಿಸಿ ಪ್ಯಾರಿಸ್ಸಿಗೆ ಹೋದಾಗ ಕಾರ್ನೋ ಬರೆದ ಉಷ್ಣಯಂತ್ರದ ಪುಟ್ಟ ಪುಸ್ತಕಕ್ಕಾಗಿ ಅಂಗಡಿ ಅಂಗಡಿ ಅಲೆದರು. ಸಿಗಲಿಲ್ಲ. ಪುಸ್ತಕದಂಗಡಿಯವರಿಗೆ ಕಾರ್ನೋ ಮನೆತನದ ಬೇರೆಯವರು ಗೊತ್ತಿದ್ದರೇ ಹೊರತು ಈ ಸಾದಿ ಕಾರ್ನೋ ಗೊತ್ತಿರಲಿಲ್ಲ. ಆ ಪುಸ್ತಕದ ವಿಚಾರವನ್ನೇ ಹಿಡಿದು ಥಾಮ್ಸನ್ 1848ರಲ್ಲಿ ನಿರಪೇಕ್ಷ ತಾಪಮಾನದ ಅಳತೆಯನ್ನು ಮುಂದಿಟ್ಟರು. ಅಷ್ಟರಲ್ಲಿ ಅವರಾಗಲೇ ಗ್ಲಾಸ್ಗೋದಲ್ಲಿ ಪ್ರೊಫೆಸರ್. ಆ ಹುದ್ದೆ ಸಿಕ್ಕಿದ್ದು 22ನೇ ವಯಸ್ಸಿಗೆ, ಬಿಟ್ಟಿದ್ದು 53 ವರ್ಷ ಆದ ಮೇಲೆ.

ನಮಗೆ ಮುಖ್ಯವಾದದ್ದು 1852. ಆ ವರ್ಷ ಅವರ ಮದುವೆಯಾಯಿತು. ಜೂಲ್ ಜೊತೆ ಸೇರಿ ಅನಿಲವನ್ನು ಸಣ್ಣ ಕಿಂಡಿಯಲ್ಲಿ ಹಾಯಿಸುವ ಪ್ರಯೋಗ ಶುರುಮಾಡಿದ್ದೂ ಆಗಲೇ, ನಾವು ಥ್ರಾಟ್ಲಿಂಗ್ ಅಂತ ಓದ್ತೀವಲ್ಲ, ಅದೇ. ಅದೇ ವರ್ಷ ಗ್ಲಾಸ್ಗೋದ ಫಿಲಾಸಫಿಕಲ್ ಸೊಸೈಟಿಯಲ್ಲಿ ಕಟ್ಟಡಗಳನ್ನು ಬಿಸಿ ಮಾಡುವ ಅಥವಾ ತಂಪು ಮಾಡುವ ಒಂದು ಯಂತ್ರದ ಬಗ್ಗೆ ಚಿಕ್ಕ ಪ್ರಬಂಧ ಮಂಡಿಸಿದರು.

ಯಂತ್ರ ಸರಳವಾಗಿತ್ತು. ಒಂದು ಸಿಲಿಂಡರ್ ಹೊರಗಿನ ಗಾಳಿಯನ್ನು ಎಳೆದು ಹಿಗ್ಗಿಸುತ್ತೆ. ಹಿಗ್ಗಿದ ಗಾಳಿ ಹೊರಗಿನ ಹವೆಗಿಂತ ತಣ್ಣಗಾಗುತ್ತೆ. ಅದು ಲೋಹದ ಪಾತ್ರೆಯೊಳಗೆ ನಿಂತು ಹೊರಗಿನ ಹವೆಯಿಂದ ಶಾಖ ಹೀರಿಕೊಳ್ಳುತ್ತೆ. ಎರಡನೇ ಸಿಲಿಂಡರ್ ಅದನ್ನು ಮತ್ತೆ ಒತ್ತಿ, ಬೆಚ್ಚಗೆ ಮಾಡಿ ಕೋಣೆಯೊಳಕ್ಕೆ ಬಿಡುತ್ತೆ. ಅಂದ್ರೆ ಚಳಿಗಾಳಿಯಲ್ಲಿ ಇರೋ ಶಾಖವನ್ನೇ ಎತ್ತಿ ಒಳಗೆ ಹಾಕೋದು. ಇವತ್ತಿನ ಹೀಟ್ ಪಂಪ್‌ನಲ್ಲಿ ಗಾಳಿಯ ಬದಲು ರೆಫ್ರಿಜರೆಂಟ್ ಸುತ್ತುತ್ತೆ, ತತ್ವ ಮಾತ್ರ ಅದೇ. ನಮ್ಮ ಮನೆಯ ಗೀಸರ್ ಒಂದು ಯೂನಿಟ್ ಕರೆಂಟು ತಿಂದು ಒಂದು ಯೂನಿಟ್ ಶಾಖ ಕೊಡುತ್ತೆ. ಹೀಟ್ ಪಂಪ್ ಅದೇ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತೆ.

ಈಗ ಲೆಕ್ಕ ನೋಡಿ. ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ ಅಂದುಕೊಳ್ಳಿ. ಆದರ್ಶ ಯಂತ್ರದ ಸಿಒಪಿ 293 ಭಾಗಿಸು 20, ಅಂದ್ರೆ 14.65. ಮನೆಯ ಗೋಡೆ ಕಿಟಕಿಗಳಿಂದ 4 ಕಿಲೋವ್ಯಾಟ್ ಶಾಖ ಸೋರಿಹೋಗ್ತಿದ್ದರೆ 0.27 ಕಿಲೋವ್ಯಾಟ್ ಕರೆಂಟು ಸಾಕು. ಹೊರಗೆ ಮೈನಸ್ 10ಕ್ಕೆ ಇಳಿಯಿತು ಅನ್ನಿ. ಸೋರಿಕೆ 6 ಕಿಲೋವ್ಯಾಟ್‌ಗೆ ಏರುತ್ತೆ, ಸಿಒಪಿ 9.8ಕ್ಕೆ ಬೀಳುತ್ತೆ, ಕರೆಂಟು 0.61 ಕಿಲೋವ್ಯಾಟ್ ಬೇಕಾಗುತ್ತೆ. ತಾಪಮಾನದ ವ್ಯತ್ಯಾಸ ಒಂದೂವರೆ ಪಟ್ಟಾದರೆ ಕರೆಂಟು ಎರಡೂಕಾಲು ಪಟ್ಟು. ವರ್ಗದ ಸಂಬಂಧ. ನಿಜವಾದ ಯಂತ್ರಗಳಲ್ಲಿ ಅಂಕಿ ಇಷ್ಟು ನೀಟಾಗಿ ಬರೋದಿಲ್ಲ, ಆದರೆ ದಿಕ್ಕು ಇದೇ. ಶಾಖ ಹೆಚ್ಚು ಬೇಕಾದ ದಿನವೇ ಯಂತ್ರದ ಕೈ ಸೋಲುತ್ತೆ. ಹೀಟ್ ಪಂಪ್ ಇರುವ ಮನೆಯ ಕರೆಂಟಿನ ಗ್ರಾಫ್ ಅರ್ಥ ಆಗಬೇಕಾದರೆ ಇದೊಂದು ಗೊತ್ತಿರಬೇಕು, ಮತ್ತು ಇದಕ್ಕೆ ಬೇಕಾದ ಗಣಿತವೆಲ್ಲ ಆ ಕಾಲಕ್ಕೇ ಥಾಮ್ಸನ್ ಕೈಯಲ್ಲಿತ್ತು.

ಹಾಗಾದ್ರೆ ಆ ಯಂತ್ರ ಆಗಲೇ ಮನೆಮನೆಗೆ ಯಾಕೆ ಬರಲಿಲ್ಲ? ಓಡಿಸೋಕೆ ಏನಿತ್ತು ಹೇಳಿ, ಉಗಿಯಂತ್ರ ಅಥವಾ ನೀರಿನ ಚಕ್ರ. ಉಗಿಯಂತ್ರ ಸುಟ್ಟ ಕಲ್ಲಿದ್ದಲಿನಲ್ಲಿ ನೂರಕ್ಕೆ ಹತ್ತು ಭಾಗವನ್ನೂ ಕೆಲಸವಾಗಿ ಮಾರ್ಪಡಿಸುತ್ತಿರಲಿಲ್ಲ. ಆ ಹತ್ತನ್ನೇ ಮೂರು ಪಟ್ಟು ಮಾಡಿದರೂ ಮೂವತ್ತು. ಅದಕ್ಕಿಂತ ಅದೇ ಕಲ್ಲಿದ್ದಲನ್ನು ಒಂದು ಒಳ್ಳೇ ಒಲೆಯಲ್ಲಿ ಸುಡೋದೇ ವಾಸಿ. ಕಲ್ಲಿದ್ದಲೋ ಸ್ಕಾಟ್ಲೆಂಡಿನಲ್ಲಿ ಅಗ್ಗವಾಗಿ ಸಿಗ್ತಿತ್ತು. ಥಾಮ್ಸನ್ ಕೂಡ ಅದರ ಹಿಂದೆ ಬೀಳಲಿಲ್ಲ.

ಮುಂದಿನ ಕೆಲವು ವರ್ಷ ಅವರನ್ನು ನುಂಗಿದ್ದು ಅಟ್ಲಾಂಟಿಕ್ ಸಮುದ್ರದ ಕೇಬಲ್. 1858ರಲ್ಲಿ ಹಾಕಿದ್ದು ಕೆಲವೇ ವಾರಗಳಲ್ಲಿ ಸತ್ತುಹೋಯಿತು. 1866ರಲ್ಲಿ ಗೆದ್ದರು, ಸರ್ ಪದವಿ ಬಂತು, ಕೈತುಂಬ ದುಡ್ಡೂ ಬಂತು. 1870ರಲ್ಲಿ ಬಹುಕಾಲ ಕಾಯಿಲೆಯಲ್ಲಿದ್ದ ಹೆಂಡತಿ ಮಾರ್ಗರೆಟ್ ತೀರಿಕೊಂಡರು. ಅದೇ ವರ್ಷ ಥಾಮ್ಸನ್ ಒಂದು ಹಾಯಿಹಡಗು ಕೊಂಡು ಸಮುದ್ರದ ಮೇಲೇ ಬಹಳ ದಿನ ಕಳೆಯತೊಡಗಿದರು. ನಾಲ್ಕು ವರ್ಷದ ಮೇಲೆ ಮತ್ತೆ ಮದುವೆಯಾದರು.

1881ರಲ್ಲಿ ಅವರ ಮನೆಗೇ ಕರೆಂಟು ಬಂತು. ಪ್ಯಾರಿಸ್ಸಿನಿಂದ ಫೋರ್ ಎಂಬ ಇಂಜಿನಿಯರ್ ರೂಪಿಸಿದ ಹೊಸ ಬಗೆಯ ಸೀಸದ ಬ್ಯಾಟರಿಯ ಪೆಟ್ಟಿಗೆಯೊಂದು ಗ್ಲಾಸ್ಗೋಗೆ ಬಂದಿತ್ತು. ಅದರಲ್ಲಿ ತುಂಬಿದ್ದ ಶಕ್ತಿ ಹತ್ತು ಲಕ್ಷ ಫುಟ್-ಪೌಂಡ್. ಕೇಳೋಕೆ ಭಾರಿ, ಆದರೆ ನಮ್ಮ ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ 0.38 ಯೂನಿಟ್! ಥಾಮ್ಸನ್‌ಗೆ ಆ ಪೆಟ್ಟಿಗೆ ಹುಚ್ಚು ಹಿಡಿಸಿಬಿಟ್ಟಿತು. ವಿಶ್ವವಿದ್ಯಾಲಯದ ಆವರಣದಲ್ಲಿದ್ದ ತಮ್ಮ ಮನೆಗೆ ಗ್ಯಾಸ್ ಇಂಜಿನ್, ಡೈನಮೋ, ಬ್ಯಾಟರಿ ಇಟ್ಟು ಕೋಣೆಕೋಣೆಗೂ ದೀಪ ಹಾಕಿಸಿದರು. ಪೂರ್ತಿ ವಿದ್ಯುತ್ ದೀಪವೇ ಇದ್ದ ಲೋಕದ ಮೊದಮೊದಲ ಮನೆಗಳಲ್ಲಿ ಅದೂ ಒಂದು. ದೀಪ ಬೇಕಾಗೋದು ಸಂಜೆಯ ಕೆಲವು ಗಂಟೆ. ಇಂಜಿನ್ ಓಡೋದಕ್ಕೆ ಯಾವ ಹೊತ್ತಾದರೂ ಆದೀತು. ಮಧ್ಯೆ ಬ್ಯಾಟರಿ. ಅದೇ ವರ್ಷ ಯಾರ್ಕ್‌ನಲ್ಲಿ ಮಾಡಿದ ಭಾಷಣದಲ್ಲಿ, ಕಲ್ಲಿದ್ದಲು ಒಂದು ದಿನ ಮುಗಿಯೋದೇ, ಗಾಳಿಯಂತ್ರಗಳಿಂದ ಇಂಥ ಬ್ಯಾಟರಿ ತುಂಬಿಸಿ ದೀಪ ಉರಿಸಬಹುದು ಅನ್ನುವ ವಿಚಾರ ಇಟ್ಟರು.

ಬ್ರಿಟನ್ನಿನಲ್ಲಿ ಇತ್ತೀಚೆಗೆ ಹೀಟ್ ಪಂಪ್ ಹಾಕಿಸಿದ ಸುಮಾರು 700 ಮನೆಗಳ ಕರೆಂಟನ್ನು ಅಳೆದು ನೋಡಿದ್ದಾರೆ. ಗ್ಯಾಸ್ ಬಾಯ್ಲರ್ ಇರೋ ಮನೆಯಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಳಕೆ ಜಿಗಿಯುತ್ತೆ, ಮಧ್ಯೆ ತಣ್ಣಗಿರುತ್ತೆ. ಹೀಟ್ ಪಂಪ್ ಹಾಗಲ್ಲ, ಇಡೀ ದಿನ ನಿಧಾನಕ್ಕೆ ಓಡ್ತಾ ಇರುತ್ತೆ, ರಾತ್ರಿಯೂ ಪೂರ್ತಿ ನಿಲ್ಲೋದಿಲ್ಲ. ಬೆಳಗ್ಗೆ, ಸಂಜೆ ಉಬ್ಬು ಇದೆ, ಚೂಪು ಕಡಿಮೆ. ಎಲ್ಲರ ಯಂತ್ರವೂ ಒಂದೇ ಕ್ಷಣಕ್ಕೆ ಜೋರಾಗಿ ಓಡೋದಿಲ್ಲವಾದ್ದರಿಂದ ಒಟ್ಟು ಗರಿಷ್ಠ ಬೇಡಿಕೆಯನ್ನು ಹಂಚಿ ನೋಡಿದರೆ ಪಂಪ್ ಒಂದಕ್ಕೆ ಸಿಕ್ಕಿದ್ದು 1.7 ಕಿಲೋವ್ಯಾಟ್. ಅಷ್ಟೇನಾ ಅನ್ನಿಸಬಹುದು. ಆದರೆ ಆ ದೇಶದ ಐದರಲ್ಲೊಂದು ಮನೆಗೆ ಇದು ಬಂದರೆ ಸಂಜೆಯ ರಾಷ್ಟ್ರೀಯ ಪೀಕ್ ಸುಮಾರು 14% ಏರುತ್ತೆ ಅಂತ ಲೆಕ್ಕ ಹಾಕಿದ್ದಾರೆ. ಅದೂ ಸೂರ್ಯ ಬೇಗ ಮುಳುಗಿ ಸೋಲಾರ್ ಪ್ಯಾನೆಲ್ ಮಲಗಿದ ಹೊತ್ತಿನಲ್ಲಿ. ಹಾಗಾಗಿ ನಡುರಾತ್ರಿಯ ಅಗ್ಗದ ಕರೆಂಟನ್ನು ಬ್ಯಾಟರಿಯಲ್ಲೋ ಬಿಸಿನೀರಿನ ಟ್ಯಾಂಕಿನಲ್ಲೋ ತುಂಬಿಟ್ಟು ಸಂಜೆ ಬಳಸುವವರಿದ್ದಾರೆ. 1881ರ ಗ್ಲಾಸ್ಗೋ ಮನೆಯ ಉಪಾಯಕ್ಕಿಂತ ಇದು ತುಂಬ ದೂರವೇನಲ್ಲ.

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತಲ್ಲ. ಭೂಮಿಯ ವಯಸ್ಸನ್ನು ಬಹಳ ಕಡಿಮೆ ಲೆಕ್ಕ ಹಾಕಿ ಭೂವಿಜ್ಞಾನಿಗಳ ಜೊತೆ ದಶಕಗಟ್ಟಲೆ ಜಗಳ ಆಡಿದರು. 1890ರಲ್ಲಿ ನಯಾಗರ ಜಲಪಾತದ ವಿದ್ಯುತ್ ಯೋಜನೆಯ ಸಮಿತಿಗೆ ಅಧ್ಯಕ್ಷರಾದಾಗ ಅವರ ಒಲವು ಡಿಸಿ ಕಡೆಗಿತ್ತು. ಯೋಜನೆಯವರು ಎಸಿ ಆರಿಸಿಕೊಂಡರು. ಮುಂದೆ ದೂರದ ಪವರ್ ಹೌಸ್‌ನಿಂದ ಸಾಮಾನ್ಯರ ಮನೆಗೆ ಅಗ್ಗವಾಗಿ ಕರೆಂಟು ತಂದದ್ದು ಆ ಎಸಿಯೇ; 1852ರ ಯಂತ್ರಕ್ಕೆ ಕೊರತೆಯಾಗಿದ್ದೂ ಅದೇ ಅಗ್ಗದ ಕರೆಂಟು. ಈ ವಿಚಾರದಲ್ಲಿ ಅವರ ಹಠ ನನಗಂತೂ ಸೋಜಿಗ.

1892ರಲ್ಲಿ ಅವರಿಗೆ ಲಾರ್ಡ್ ಪದವಿ ಬಂತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕದಲ್ಲೇ ಹರಿಯುವ ಕೆಲ್ವಿನ್ ಹೊಳೆಯ ಹೆಸರನ್ನೇ ತಮ್ಮ ಪದವಿಗೆ ಇಟ್ಟುಕೊಂಡರು. 1907ರ ಡಿಸೆಂಬರ್ 17ರಂದು ಸ್ಕಾಟ್ಲೆಂಡಿನ ಲಾರ್ಗ್ಸ್ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಸಮಾಧಿಯ ಹತ್ತಿರ ಅವರನ್ನು ಮಣ್ಣು ಮಾಡಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಟೌನ್ ಹಾಲನ್ನು ಪಕ್ಕದ ಹೊಳೆನೀರಿನ ಶಾಖದಿಂದ ಬೆಚ್ಚಗಿಡುವ ಹೀಟ್ ಪಂಪ್ ಬಂದಿದ್ದು ಅದಾಗಿ ಮೂವತ್ತು ವರ್ಷಕ್ಕೆ.