ಫ್ರೆಡರಿಕ್ ಡಗ್ಲಸ್

ಅಕ್ಷರ ಕಲಿಯುವುದೇ ಅಪರಾಧವೆನಿಸಿದ್ದ ಬಾಳು ಫ್ರೆಡರಿಕ್ ಡಗ್ಲಸನದು. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ 1818ರಲ್ಲಿ ಆತನು ಜನಿಸಿದನು. ತಾಯಿ ಗುಲಾಮಳಾದುದರಿಂದ ಮಗನೂ ಹುಟ್ಟುತ್ತಲೇ ಗುಲಾಮ. ತಾನು ಹುಟ್ಟಿದ ದಿನ ಯಾವುದೆಂಬುದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಬಾಲ್ಟಿಮೋರ್ ನಗರದಲ್ಲಿ ಒಡತಿ ಸೋಫಿಯಾ ಆಲ್ಡ್ ಬಾಲಕನಿಗೆ ಅಕ್ಷರಾಭ್ಯಾಸ ಮಾಡಿಸತೊಡಗಿದಳು. ಓದು ಬಂದವನು ಗುಲಾಮನಾಗಿ ಉಳಿಯನೆಂದು ಆಕೆಯ ಪತಿ ಅದನ್ನು ತಡೆದನು. ಒಡೆಯನ ಆ ಭಯದಲ್ಲಿಯೇ ಬಾಲಕನಿಗೆ ಬಿಡುಗಡೆಯ ದಾರಿ ಗೋಚರಿಸಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡನು. 1838ರಲ್ಲಿ ನಾವಿಕನ ವೇಷ ತೊಟ್ಟು, ಬೇರೊಬ್ಬನ ಕಾಗದಪತ್ರ ಹಿಡಿದು ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಹೋದನು.

1841ರಿಂದ ಗುಲಾಮಗಿರಿಯ ವಿರುದ್ಧ ಭಾಷಣ ಮಾಡತೊಡಗಿದನು. ಇಷ್ಟು ಸೊಗಸಾಗಿ ಮಾತನಾಡುವವನು ಗುಲಾಮನಾಗಿದ್ದನೆ ಎಂದು ಜನ ಸಂಶಯಪಟ್ಟರು. 1845ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ, ಒಡೆಯರ ಹೆಸರುಗಳನ್ನೂ ಊರುಗಳನ್ನೂ ಬಯಲು ಮಾಡಿದನು. ಮರಳಿ ಸೆರೆಸಿಕ್ಕುವ ಅಪಾಯ ಒದಗಲು ಬ್ರಿಟನ್ನಿಗೆ ತೆರಳಿದನು. ಅಲ್ಲಿಯ ಮಿತ್ರರು 1846ರಲ್ಲಿ ಹಣ ತೆತ್ತು ಆತನನ್ನು ಬಿಡಿಸಿದರು.

ಆದರೆ ಕಬ್ಬಿಣದ ಸಂಕೋಲೆಗಿಂತ ಬಲವಾದ ಸಂಕೋಲೆ ಇನ್ನೊಂದಿತ್ತು. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ಮೊದಲಾದವರು ತಲೆಬುರುಡೆಗಳನ್ನು ಅಳೆದು, ಕರಿಯರು ಹುಟ್ಟಿನಿಂದಲೇ ಕೀಳೆಂದು ಶಾಸ್ತ್ರದ ಹೆಸರಿನಲ್ಲಿ ಸಾರಿದ್ದರು. ಗುಲಾಮರ ಒಡೆಯರಿಗೆ ಇದಕ್ಕಿಂತ ಅನುಕೂಲವಾದ ಶಾಸ್ತ್ರ ಯಾವುದು? ಶಾಲೆಯಲ್ಲಿ ಓದದ ಡಗ್ಲಸ್ 1854ರಲ್ಲಿ ಓಹಾಯೊದ ವೆಸ್ಟರ್ನ್ ರಿಸರ್ವ್ ಕಾಲೇಜಿನ ವಿದ್ಯಾರ್ಥಿ ಸಂಘಗಳ ಮುಂದೆ ನಿಂತು ಇದನ್ನು ಖಂಡಿಸಿದನು. ಆ ಗ್ರಂಥಗಳಲ್ಲಿ ಬಿಳಿಯನ ಚಿತ್ರ ಸುಂದರವಾಗಿಯೂ ಕರಿಯನ ಚಿತ್ರ ವಿಕಾರವಾಗಿಯೂ ಇರುವುದನ್ನು ಎತ್ತಿ ತೋರಿಸಿದನು. ಹಸಿವು, ಅಜ್ಞಾನಗಳು ಯಾವ ಜನವನ್ನಾದರೂ ಕುಗ್ಗಿಸುತ್ತವೆಂಬುದಕ್ಕೆ ತಾನು ಕಂಡ ಐರ್ಲೆಂಡಿನ ಬಡವರನ್ನು ಸಾಕ್ಷಿಯಾಗಿಸಿದನು. ಮನುಷ್ಯಕುಲದ ಮೂಲ ಒಂದೇ ಎಂಬುದು ಆತನ ನಂಬಿಕೆ. ಮೂಲ ಬೇರೆಯೆಂದು ಸಿದ್ಧವಾದರೂ ಮನುಷ್ಯನ ಹಕ್ಕು ಅಳಿಯದೆಂಬುದು ಆತನ ಕೊನೆಯ ವಾದ.

ಅಂತರ್ಯುದ್ಧದಲ್ಲಿ, 1863ರಲ್ಲಿ, ಕರಿಯರ ಸೈನ್ಯಕ್ಕೆ ಜನರನ್ನು ಕೂಡಿಸಿದನು. ತನ್ನ ಇಬ್ಬರು ಮಕ್ಕಳನ್ನೂ ಸೇರಿಸಿದನು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ಆತನು ವಿರಮಿಸಲಿಲ್ಲ. ಸ್ತ್ರೀಯರ ಮತಾಧಿಕಾರಕ್ಕೂ ಹೋರಾಡಿದನು. 1895ರ ಫೆಬ್ರವರಿ 20ರಂದು ವಾಷಿಂಗ್ಟನ್ನಿನಲ್ಲಿ ಮಹಿಳೆಯರ ಸಭೆಯೊಂದಕ್ಕೆ ಹೋಗಿ ಬಂದು, ಅದೇ ಸಂಜೆ ತೀರಿಕೊಂಡನು.

ವಿದ್ಯೆಯನ್ನು ಒಡೆಯರು ದಾಸ್ಯಕ್ಕೆ ಆಸರೆ ಮಾಡಿಕೊಂಡಿದ್ದರು; ಡಗ್ಲಸ್ ಅದನ್ನೇ ಬಿಡುಗಡೆಯ ಆಯುಧವಾಗಿಸಿದನು. ಓದುವ ನಮಗೆಲ್ಲ ಈ ಜೀವನ ಚಿಂತನೆಗೆ ಯೋಗ್ಯವಾದುದು.