ನಮ್ಮ ಸೀಮೆಯನ್ನು ತಾಮ್ರಕ್ಕಿಳಿಸಿದ ರಾಬರ್ಟ್ ಹೋಮ್

ಫೋಟೋ ಎಂಬುದೇ ಇಲ್ಲದ ಕಾಲದಲ್ಲಿ ಬೆಂಗಳೂರು ಸೀಮೆ ಕಣ್ಣಿಗೆ ಹೇಗೆ ಕಾಣುತ್ತಿತ್ತು? ಇದಕ್ಕೆ ಉತ್ತರ ಬಿಟ್ಟುಹೋದ ಕೆಲವರಲ್ಲಿ ರಾಬರ್ಟ್ ಹೋಮ್ ಒಬ್ಬ.

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ಏಂಜೆಲಿಕಾ ಕಾಫ್‌ಮನ್ ಎಂಬ ಪ್ರಸಿದ್ಧ ಕಲಾವಿದೆಯ ಬಳಿ ಚಿತ್ರಕಲೆ ಕಲಿತ. ರೋಮ್‌ನಲ್ಲಿ ಅಭ್ಯಾಸ ಮಾಡಿ, ಡಬ್ಲಿನ್‌ನಲ್ಲಿ ಭಾವಚಿತ್ರ ಬರೆದು ಜೀವನ ಸಾಗಿಸಿದ. 1791ರಲ್ಲಿ ಮದರಾಸಿಗೆ ಬಂದಿಳಿದ.

ಆಗ ಮೂರನೆಯ ಮೈಸೂರು ಯುದ್ಧ ನಡೆದಿತ್ತು. ಕಾರ್ನ್‌ವಾಲಿಸನ ಸೇನೆ ಕೋಲಾರ, ಹೊಸಕೋಟೆ ದಾರಿಯಾಗಿ ಬಂದು, ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿಯಿತು. ಹೋಮ್ ಈ ಸೇನೆಯ ಜೊತೆ ಓಡಾಡಿ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ಚಿತ್ರ ಬರೆದುಕೊಂಡ. 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದಾಗ ಅಲ್ಲಿದ್ದ. ಆ ಪ್ರಸಂಗದ ದೊಡ್ಡ ತೈಲಚಿತ್ರದಲ್ಲಿ ತನ್ನನ್ನೂ ಒಂದು ಬದಿಯಲ್ಲಿ ಸೇರಿಸಿಕೊಂಡ.

ಅವನು ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅದರಲ್ಲಿ ಬೆಂಗಳೂರಿನ ಪೂರ್ವದ ನೋಟವೂ ಸೈಪ್ರಸ್ ಮರಗಳ ತೋಟವೂ ಇವೆ. ಆಗ ಚಿತ್ರ ಅಚ್ಚಾಗಬೇಕಾದರೆ ಅದನ್ನು ತಾಮ್ರದ ತಗಡಿನ ಮೇಲೆ ಎಡಬಲ ತಿರುವಿ ಕೊರೆಯಬೇಕಿತ್ತು. ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ರೋಲರ್ ನಡುವೆ ಒತ್ತಿದರೆ ಗೀರಿನ ಮಸಿ ಕಾಗದಕ್ಕೆ ಹತ್ತುತ್ತಿತ್ತು. ಉಳಿಯಿಂದಲೂ ಕೊರೆಯುತ್ತಿದ್ದರು, ಆಮ್ಲದಿಂದಲೂ ತಿನ್ನಿಸುತ್ತಿದ್ದರು. ಇಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ರಾಸಾಯನಿಕದಿಂದ ಕರಗಿಸುವುದೂ ಇದೇ ವಂಶದ ವಿದ್ಯೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೊರೆದ ಜಾಗ ಕೆಲಸ ಮಾಡುತ್ತಿತ್ತು, ಇಲ್ಲಿ ಉಳಿದ ತಾಮ್ರ ಕೆಲಸ ಮಾಡುತ್ತದೆ.

ಲಂಡನ್ನಿನ ಕೆತ್ತನೆಗಾರರು ಸಾವನದುರ್ಗದ ಬಂಡೆಯನ್ನು ಹೋಮ್‌ನ ಚಿತ್ರದಲ್ಲಷ್ಟೇ ಕಂಡಿದ್ದರು. ಹೋಮ್ ಕೂಡ ನಮ್ಮ ನಾಡನ್ನು ಗೆಲ್ಲಲು ಬಂದವರ ಸಾಲಿನಲ್ಲಿ ನಿಂತು ಕಂಡವನು. ಹೀಗಾಗಿ ಆ ಪುಸ್ತಕದಲ್ಲಿ ಕೋಟೆಗಳಿಗೆ ಹೆಸರಿದೆ, ಸತ್ತ ಇಂಗ್ಲಿಷ್ ಅಧಿಕಾರಿಗಳಿಗೆ ಹೆಸರಿದೆ. ಸೇನೆ ತುಳಿದು ಹೋದ ರಾಗಿ ಹೊಲದ ಒಡೆಯನಿಗೆ ಹೆಸರಿಲ್ಲ.

ಮುಂದೆ ಹೋಮ್ ಕಲ್ಕತ್ತೆಗೆ ಹೋದ. 1814ರಿಂದ ಲಕ್ನೋ ನವಾಬ ಗಾಜಿಉದ್ದೀನ್ ಹೈದರನ ಆಸ್ಥಾನ ಚಿತ್ರಕಾರನಾಗಿದ್ದ. 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡ.

ಅವನ ಚಿತ್ರಗಳನ್ನು ನಾವು ಉಪಕಾರಸ್ಮರಣೆಯಿಂದಲೂ ಎಚ್ಚರದಿಂದಲೂ ನೋಡಬೇಕು. ನಮ್ಮ ಕಣ್ಣೆದುರೇ ಹೊಲಗಳು ಲೇಔಟ್‌ಗಳಾಗಿವೆ, ಕೆರೆಯಂಗಳಗಳು ರಸ್ತೆಗಳಾಗಿವೆ. ಇವುಗಳ ಚಿತ್ರವನ್ನೂ ಹೆಸರನ್ನೂ ಊರಿನವರೇ ಬರೆದಿಡದಿದ್ದರೆ, ಮುಂದಿನವರಿಗೆ ಉಳಿಯುವುದು ಮತ್ತೆ ದಾರಿಹೋಕರು ಕಂಡಷ್ಟೇ. ಸುವರ್ಣ ಮಹೋತ್ಸವದ ಈ ಸಂಚಿಕೆ ಅಂಥ ಬರವಣಿಗೆಗೆ ಒಂದು ಆರಂಭವಾಗಲಿ.