ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಗ್ರಾಮದ ಶ್ರೀವೈಷ್ಣವ ವಿದ್ವಾಂಸರ ಮನೆತನದಲ್ಲಿ 1888ನೆಯ ಇಸವಿ ನವೆಂಬರ್ 18ರಂದು ಕೃಷ್ಣಮಾಚಾರ್ಯರು ಜನಿಸಿದರು. ಯೋಗದ ಮೊದಲ ಪಾಠಗಳು ಅವರಿಗೆ ತಂದೆಯಿಂದಲೇ ದೊರೆತುವು. ಹತ್ತರ ಪ್ರಾಯದಲ್ಲಿ ಪಿತೃವಿಯೋಗವಾಗಲು, ಕುಟುಂಬವು ಮೈಸೂರನ್ನು ಸೇರಿತು. ಬಾಲಕನು ಅಲ್ಲಿಯ ಪರಕಾಲ ಮಠದಲ್ಲಿ ವಿದ್ಯಾರ್ಥಿಯಾದನು. ಮುಂದೆ ಕಾಶಿಯಲ್ಲಿಯೂ ಶಾಸ್ತ್ರವ್ಯಾಸಂಗ ನಡೆಯಿತು. ಬಳಿಕ ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಸುಮಾರು ಏಳು ವರ್ಷ ಯೋಗಾಭ್ಯಾಸ ಮಾಡಿದುದಾಗಿ ಅವರು ಶಿಷ್ಯರಿಗೆ ಹೇಳುತ್ತಿದ್ದರು.

ಇಷ್ಟು ವಿದ್ಯೆಯನ್ನು ಪಡೆದು ಬಂದವರಿಗೆ ದೊರೆತ ಉದ್ಯೋಗವಾವುದೆಂದರೆ ಹಾಸನ ಸೀಮೆಯ ಕಾಫಿ ತೋಟವೊಂದರ ಮೇಲ್ವಿಚಾರಣೆ! ಯೋಗವನ್ನು ಕಲಿಯಬೇಕೆನ್ನುವವರು ಆಗ ವಿರಳ. ಆದುದರಿಂದ ಅವರು ಊರೂರಿಗೆ ಹೋಗಿ ಉಪನ್ಯಾಸಗಳನ್ನಿತ್ತು, ಕಠಿಣವಾದ ಆಸನಗಳನ್ನು ಪ್ರದರ್ಶಿಸಿ, ಜನರ ಕುತೂಹಲವನ್ನು ಕೆರಳಿಸಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಗುಣಗ್ರಾಹಕತೆಯಿಂದ ಅವರ ದೆಸೆ ತಿರುಗಿತು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯು ಪ್ರಾರಂಭವಾಯಿತು. 1934ರಲ್ಲಿ ಅವರ ‘ಯೋಗ ಮಕರಂದ’ ಗ್ರಂಥವು ಕನ್ನಡದಲ್ಲಿಯೇ ಪ್ರಕಟವಾಯಿತೆಂಬುದನ್ನು ಕನ್ನಡ ವಿದ್ಯಾರ್ಥಿಗಳು ಅವಶ್ಯವಾಗಿ ನೆನಪಿಡತಕ್ಕದ್ದು.

ಆ ಶಾಲೆಯಲ್ಲಿ ಆಚಾರ್ಯರ ಶಿಸ್ತು ಅತಿ ಕಠೋರವಾದುದು. ಕೌಶಿಕದ ಪಟ್ಟಾಭಿ ಜೋಯಿಸರೂ, ಆಚಾರ್ಯರ ಪತ್ನಿ ನಾಮಗಿರಿಯಮ್ಮನವರ ತಮ್ಮಂದಿರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರೂ ಅದನ್ನು ಉಂಡವರೇ. ಅಯ್ಯಂಗಾರರಂತೂ ಆಗ ರೋಗದಿಂದ ಕೃಶವಾಗಿದ್ದ ಹುಡುಗ. ವಿದೇಶೀಯಳೆಂಬ ಕಾರಣದಿಂದ ಆಚಾರ್ಯರು ಮೊದಲು ಒಲ್ಲೆನೆಂದಿದ್ದ ಇಂದ್ರಾ ದೇವಿಯವರೂ ಮಹಾರಾಜರ ಮಾತಿನ ಬಲದಿಂದ ಪ್ರವೇಶ ಪಡೆದು, ಕಠಿಣ ನಿಯಮಗಳನ್ನು ಪಾಲಿಸಿ, ಗುರುವಿನ ಮೆಚ್ಚುಗೆಗೆ ಪಾತ್ರರಾದರು. ಇಂದು ರೋಹಿಣಿಯ ಜಪಾನೀ ಪಾರ್ಕಿನಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಉಸಿರಿನ ಲಯಕ್ಕೆ ಸರಿಯಾಗಿ ಮೈ ಬಾಗಿಸುವವರ ಅಭ್ಯಾಸದಲ್ಲಿ ಈ ಮೈಸೂರು ಶಾಲೆಯ ಪಾಲೂ ಉಂಟೆಂಬುದು ಅಲ್ಲಿನ ಎಷ್ಟು ಮಂದಿಗೆ ತಿಳಿದಿದೆಯೋ!

ಆಚಾರ್ಯರು ನಾಡಿಯ ಬಡಿತವನ್ನೇ ನಿಲ್ಲಿಸಬಲ್ಲರೆಂಬ ಖ್ಯಾತಿ ಹಬ್ಬಿತ್ತು. 1930ರ ದಶಕದಲ್ಲಿಯೇ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ವೈದ್ಯೆ ಹೃದಯದ ವಿದ್ಯುತ್ಸ್ಪಂದನವನ್ನು ಗುರುತಿಸುವ ಯಂತ್ರದೊಡನೆ ಬಂದು ಅವರನ್ನು ಪರೀಕ್ಷಿಸಿದರು. ಹೃದಯವು ನಿಂತಂತೆಯೇ ತೋರಿತು. ಇದನ್ನು ಮತ್ತೆ ಒರೆಗೆ ಹಚ್ಚಿದವರಲ್ಲಿ ನಮ್ಮ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದರೊಬ್ಬರು. ಅಮೆರಿಕದ ವೆಂಗರ್ ಮತ್ತು ಬಾಗ್ಚಿ ಅವರೊಡನೆ ಸೇರಿ, ವೃದ್ಧರಾಗಿದ್ದ ಕೃಷ್ಣಮಾಚಾರ್ಯರೂ ಸೇರಿದಂತೆ ಕೆಲವರು ಯೋಗಿಗಳನ್ನು ಪರೀಕ್ಷಿಸಿ, 1961ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಸಿರನ್ನು ಬಂಧಿಸಿ ಎದೆ ಮತ್ತು ಉದರದ ಸ್ನಾಯುಗಳನ್ನು ಬಿಗಿದಾಗ ಎದೆಗೂಡಿನೊಳಗಿನ ಒತ್ತಡವು ಏರಿ, ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗುತ್ತದೆ. ಅದರಿಂದ ನಾಡಿ ಕೈಗೆ ಸಿಗದು, ಎದೆಯ ಸದ್ದು ಕೇಳದು. ಆದರೆ ಯಂತ್ರದ ಗೆರೆಯಲ್ಲಿ ಹೃದಯದ ಮಿಡಿತವು ಸಾಗಿಯೇ ಇತ್ತು. ಇದರಿಂದ ಆಚಾರ್ಯರ ಹಿರಿಮೆಗೆ ಕುಂದಾಯಿತೆಂದು ನಾವು ಭಾವಿಸುವುದಿಲ್ಲ. ಮಾಂಸಖಂಡಗಳನ್ನೂ ಉಸಿರನ್ನೂ ಅಷ್ಟರಮಟ್ಟಿಗೆ ಇಚ್ಛೆಗೆ ಅಧೀನವಾಗಿಸುವುದು ಅಲ್ಪಸಾಧನೆಯೇ? (ಬಾಲಕರು ಇದನ್ನು ಮನೆಯಲ್ಲಿ ಪ್ರಯತ್ನಿಸಕೂಡದು, ಅಪಾಯವುಂಟು.)

ರಾಜಾಶ್ರಯವು ಕೊನೆಗೊಂಡು 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಅರುವತ್ತು ದಾಟಿದ ಗೃಹಸ್ಥರು ಮದರಾಸಿಗೆ ಹೋಗಿ ಹೊಸದಾಗಿ ಜೀವನವನ್ನು ಕಟ್ಟಬೇಕಾಯಿತು. ನಮ್ಮ ದೃಷ್ಟಿಯಲ್ಲಿ ಅವರ ಜೀವನದ ಅತ್ಯಂತ ಗಣ್ಯವಾದ ಭಾಗವು ಇದೇ. ಅರಮನೆಯ ಹುಡುಗರನ್ನು ಕುಣಿಸಿ ಬಗ್ಗಿಸಿದ ಆ ಉಗ್ರಗುರುವು ಈಗ ರೋಗಿಗಳನ್ನೂ ವೃದ್ಧರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ನಾಡಿ ನೋಡಿ, ಅವರವರ ಶಕ್ತಿಗೆ ತಕ್ಕಂತೆ ಅಭ್ಯಾಸವನ್ನು ಮಾರ್ಪಡಿಸಿ ಹೇಳಿಕೊಡತೊಡಗಿದರು. ತೋಳೆತ್ತಲಾರದವನಿಗೂ ಉಸಿರಾಟವೆಂಬುದು ಉಂಟಷ್ಟೆ. ಪಾಠವು ಅಲ್ಲಿಂದ ಮೊದಲಾಗುತ್ತಿತ್ತು. ತಂದೆಯ ಈ ಕ್ರಮವನ್ನು ಕಲಿತ ಪುತ್ರ ದೇಶಿಕಾಚಾರ್ 1976ರಲ್ಲಿ ಅವರ ಹೆಸರಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರರ ವಯಸ್ಸಿನಲ್ಲಿ ಆಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಪರರಿಗಾಗಿ ಅಷ್ಟು ಕಾಲ ಮಾಡಿದುದನ್ನೇ ಈಗ ತಮಗಾಗಿ ಮಾಡಿಕೊಂಡು, ಹಾಸಿಗೆಯಲ್ಲಿ ಮಲಗಿದಂತೆಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ರೂಪಿಸಿಕೊಂಡರು. ನೂರು ತುಂಬಿದ ಮೇಲೆ, 1989ರ ಫೆಬ್ರವರಿ 28ರಂದು, ಮದರಾಸಿನಲ್ಲಿ ಅವರು ದೇಹತ್ಯಾಗ ಮಾಡಿದರು.